ವಲಸೆ ವ್ಯವಹಾರಕ್ಕೆ ವಕೀಲರ ಆಯ್ಕೆ: ಹಣಕ್ಕೆ ಮುನ್ನ ಪರವಾನಗಿಯ ಪರಿಶೀಲನೆ

ಕೃಷಿ ಉತ್ಪನ್ನ ಮಾರುಕಟ್ಟೆಯ ಪ್ರಾಂಗಣದಲ್ಲಿ ಲೈಸೆನ್ಸ್ ಇಲ್ಲದ ವ್ಯಕ್ತಿಯೊಬ್ಬನಿಗೆ ಈ ಭಾಗದ ಯಾವ ವರ್ತಕನೂ ಒಂದು ಕ್ವಿಂಟಲ್ ತೊಗರಿಯನ್ನು ಸಾಲಕ್ಕೆ ತೂಗಿಕೊಡುವುದಿಲ್ಲ. ಅದೇ ವರ್ತಕ ಮಗನ ವೀಸಾ ವಿಷಯ ಬಂದಾಗ, ಹೆಸರು ವಿಳಾಸಗಳ ಹೊರತು ಬೇರೇನೂ ತಿಳಿಯದ ಏಜೆಂಟನ ಕೈಗೆ ಮೂರು ನಾಲ್ಕು ಲಕ್ಷ ರೂಪಾಯಿಗಳನ್ನು ರಸೀದಿಯಿಲ್ಲದೆ ಕೊಟ್ಟುಬರುತ್ತಾನೆ. ಆಳಂದ ತಾಲ್ಲೂಕಿನ ಮಟಕಿಯಿಂದ ಅಫಜಲಪುರ, ಜೇವರ್ಗಿಗಳ ವರೆಗೆ ಈ ವಿಚಿತ್ರವನ್ನು ಕಾಣಬಹುದಾಗಿದೆ.

ಹೊರದೇಶದ ವ್ಯವಹಾರವು ಈ ಪ್ರದೇಶಕ್ಕೆ ಈಗ ಅಪರೂಪದ ಸಂಗತಿಯಲ್ಲ. ತೊಗರಿ ಆಮದಿಗಾಗಿ ಭಾರತವು ಮೊಜಾಂಬಿಕ್ ದೇಶದೊಡನೆ 2016ರಲ್ಲಿ ಒಪ್ಪಂದ ಮಾಡಿಕೊಂಡ ನಂತರ ಆಫ್ರಿಕಾದ ಬೆಳೆಯನ್ನು ಗಮನಿಸದೆ ಕಲಬುರಗಿಯ ದರವನ್ನು ಊಹಿಸುವುದೇ ಕಷ್ಟವಾಗಿದೆ. ಖರೀದಿಗೆಂದು ಅಲ್ಲಿಗೆ ತೆರಳುವವರಿದ್ದಾರೆ. ದಾಲ್ ಮಿಲ್ಲಿನಲ್ಲಿ ಕಾಳಿನ ಬಣ್ಣ ವಿಂಗಡಿಸುವ ಯಂತ್ರವನ್ನು ಜೋಡಿಸಲು ವಿದೇಶಿ ತಂತ್ರಜ್ಞರನ್ನು ಕರೆಸಿಕೊಳ್ಳಬೇಕಾದ ಸಂದರ್ಭಗಳಿವೆ. ಗುಮಾಸ್ತರ ಮಕ್ಕಳು ಕೊಲ್ಲಿ ರಾಷ್ಟ್ರಗಳಿಗೂ ಮಾಲೀಕರ ಮಕ್ಕಳು ಕೆನಡಾ, ಅಮೆರಿಕಗಳಿಗೂ ಹೋಗಬಯಸುತ್ತಾರೆ. ಇವೆಲ್ಲವೂ ಬೇರೆ ಬೇರೆ ಕಾನೂನುಗಳಿಗೆ ಒಳಪಟ್ಟ ವಿಷಯಗಳು. ಆದರೆ ಜನರ ಮಾತಿನಲ್ಲಿ ಎಲ್ಲಕ್ಕೂ ಒಂದೇ ಹೆಸರು: ವೀಸಾ ಕೆಲಸ.

ಈ ಗೊಂದಲದ ಬೆಲೆ ಎಷ್ಟೆಂಬುದನ್ನು ಜಿಲ್ಲೆಯು 2024ರಲ್ಲಿ ಕಂಡಿತು. ಭದ್ರತಾ ಸಹಾಯಕರ ಕೆಲಸವೆಂದು ನಂಬಿಸಿ ರಷ್ಯಾಕ್ಕೆ ಕರೆದೊಯ್ಯಲಾದ ಕಲಬುರಗಿಯ ಮೂವರು ಯುವಕರು ಉಕ್ರೇನ್ ಯುದ್ಧಭೂಮಿಯ ಅಂಚಿಗೆ ತಳ್ಳಲ್ಪಟ್ಟ ಸುದ್ದಿ ಆ ವರ್ಷದ ಫೆಬ್ರವರಿಯಲ್ಲಿ ಹೊರಬಂದಿತು. ಇದೇ ಬಗೆಯ ಆಮಿಷಕ್ಕೆ ಒಳಗಾಗಿದ್ದ ಹೈದರಾಬಾದಿನ ಯುವಕನೊಬ್ಬನ ಮರಣವನ್ನು ಮಾಸ್ಕೋದ ಭಾರತೀಯ ರಾಯಭಾರ ಕಚೇರಿ ಮಾರ್ಚಿನಲ್ಲಿ ದೃಢಪಡಿಸಿತು. ಅದೇ ತಿಂಗಳು ಕೇಂದ್ರೀಯ ತನಿಖಾ ದಳವು ಮಾನವ ಸಾಗಣೆಯ ಪ್ರಕರಣ ದಾಖಲಿಸಿ ಹಲವು ನಗರಗಳಲ್ಲಿ ಶೋಧ ನಡೆಸಿತು. ಜುಲೈ ತಿಂಗಳಲ್ಲಿ ಪ್ರಧಾನಿಯವರು ಮಾಸ್ಕೋದಲ್ಲಿ ಈ ವಿಷಯವನ್ನು ಪ್ರಸ್ತಾಪಿಸಿದರು. ಕಲಬುರಗಿಯ ಯುವಕರು ತಾಯ್ನಾಡಿಗೆ ಮರಳಿದ್ದು ಸೆಪ್ಟೆಂಬರ್ 2024ರಲ್ಲಿ. ಅವರ ಬಳಿ ಪಾಸ್‌ಪೋರ್ಟ್ ಇತ್ತು, ವೀಸಾ ಇತ್ತು. ಆ ವೀಸಾದ ಮೇಲೆ ಯಾವ ಕೆಲಸ ಮಾಡಬಹುದು, ಸಹಿ ಹಾಕುವ ಕರಾರಿನಲ್ಲಿ ಏನಿದೆ ಎಂದು ಹೊರಡುವ ಮುನ್ನ ಓದಿ ಹೇಳಬಲ್ಲವರೊಬ್ಬರು ಇದ್ದಿದ್ದರೆ ಮಾತು ಬೇರೆಯಾಗುತ್ತಿತ್ತು.

ಆದ್ದರಿಂದ ಮೊದಲು ಮಾಡಬೇಕಾದ ಕೆಲಸ, ಎದುರಿಗೆ ಕುಳಿತ ವ್ಯಕ್ತಿ ಯಾರು ಎಂಬುದನ್ನು ಗುರುತಿಸುವುದು. ಉದ್ಯೋಗಕ್ಕಾಗಿ ಜನರನ್ನು ಹೊರದೇಶಕ್ಕೆ ಕಳುಹಿಸುವವನು 1983ರ ವಲಸೆ ಕಾಯಿದೆಯ ಪ್ರಕಾರ ನೋಂದಾಯಿತ ನೇಮಕಾತಿ ಏಜೆಂಟನಾಗಿರತಕ್ಕದ್ದು. ಈತ ವಕೀಲನಲ್ಲ. ದೇಶ ಯಾವುದೇ ಆಗಿರಲಿ, ನೋಂದಣಿ ಕಡ್ಡಾಯ. ನೋಂದಾಯಿತರ ಪಟ್ಟಿಯನ್ನು ವಿದೇಶಾಂಗ ಸಚಿವಾಲಯದ ಇ-ಮೈಗ್ರೇಟ್ ತಾಣದಲ್ಲಿ ಯಾರು ಬೇಕಾದರೂ ನೋಡಬಹುದು. ನಿಯಮಾನುಸಾರ ಈತ ಪಡೆಯಬಹುದಾದ ಸೇವಾ ಶುಲ್ಕದ ಗರಿಷ್ಠ ಮಿತಿ 30,000 ರೂಪಾಯಿ ಹಾಗೂ ಅದರ ಮೇಲಿನ ತೆರಿಗೆ ಮಾತ್ರ; ಅದಕ್ಕೆ ರಸೀದಿ ಕೊಡಲೇಬೇಕು. ಕಾಯಿದೆ ಮುರಿದವನಿಗೆ 1983ರಲ್ಲಿ ನಿಗದಿಯಾದ ದಂಡ ಎರಡು ವರ್ಷಗಳ ವರೆಗಿನ ಸೆರೆಮನೆ ಮತ್ತು ಎರಡು ಸಾವಿರ ರೂಪಾಯಿಗಳ ವರೆಗಿನ ಜುಲ್ಮಾನೆ. ಲಕ್ಷಗಳನ್ನು ಎಣಿಸಿಕೊಳ್ಳುವವನಿಗೆ ಎರಡು ಸಾವಿರ ರೂಪಾಯಿ ಎಷ್ಟರ ಭಯ ಹುಟ್ಟಿಸೀತು?

ಎಸ್ಸೆಸ್ಸೆಲ್ಸಿ ಉತ್ತೀರ್ಣರಾಗದವರ ಪಾಸ್‌ಪೋರ್ಟಿನಲ್ಲಿ ವಲಸೆ ಅನುಮತಿ ಅಗತ್ಯವೆಂಬ ನಮೂದು ಇರುತ್ತದೆ. ಸೌದಿ ಅರೇಬಿಯಾ, ಸಂಯುಕ್ತ ಅರಬ್ ಸಂಸ್ಥಾನ, ಕುವೈತ್, ಕತಾರ್, ಒಮಾನ್, ಮಲೇಷಿಯಾ ಮೊದಲಾದ ಗೊತ್ತುಪಡಿಸಿದ ದೇಶಗಳಿಗೆ ಇವರು ಉದ್ಯೋಗಕ್ಕೆ ಹೋಗಬೇಕಾದರೆ ವಲಸಿಗರ ಸಂರಕ್ಷಣಾಧಿಕಾರಿಯ ಅನುಮತಿ ಬೇಕು. ಇದನ್ನು ಅಡ್ಡಿಯೆಂದು ಭಾವಿಸುವವರೇ ಹೆಚ್ಚು. ವಾಸ್ತವದಲ್ಲಿ ಕರಾರು ಪತ್ರ, ಸಂಬಳ, ಮಾಲೀಕನ ವಿವರಗಳನ್ನು ಸರ್ಕಾರ ಪರಿಶೀಲಿಸುವುದು ಈ ಹಂತದಲ್ಲಿಯೇ. 10 ಲಕ್ಷ ರೂಪಾಯಿಗಳ ಪ್ರವಾಸಿ ಭಾರತೀಯ ವಿಮಾ ಯೋಜನೆಯೂ ಇದರೊಡನೆಯೇ ದೊರೆಯುತ್ತದೆ. ‘ಅದೆಲ್ಲ ತಡ, ವಿಸಿಟ್ ವೀಸಾದ ಮೇಲೆ ಹೋಗಿ ಅಲ್ಲಿ ಬದಲಿಸಿಕೊಂಡರಾಯಿತು’ ಎನ್ನುವ ಏಜೆಂಟನು ಈ ರಕ್ಷಣೆಯನ್ನೇ ಕಳಚಿ ಕಳುಹಿಸುತ್ತಿದ್ದಾನೆಂದು ತಿಳಿಯಬೇಕು.

ಇನ್ನು ವಕೀಲರ ವಿಷಯ. ಭಾರತದಲ್ಲಿ ವಕೀಲಿ ವೃತ್ತಿಯು 1961ರ ವಕೀಲರ ಕಾಯಿದೆಗೆ ಒಳಪಟ್ಟಿದೆ. ಬಾರ್ ಕೌನ್ಸಿಲ್ ನಿಯಮಗಳ ಪ್ರಕಾರ ವಕೀಲರು ಜಾಹೀರಾತು ನೀಡುವಂತಿಲ್ಲ. ಹೆಸರು, ವಿಳಾಸ, ವಿದ್ಯಾರ್ಹತೆ ಮುಂತಾದ ಮಿತ ವಿವರಗಳನ್ನು ಅಂತರ್ಜಾಲ ತಾಣದಲ್ಲಿ ಪ್ರಕಟಿಸಲು ಮಾತ್ರ 2008ರಲ್ಲಿ ಅವಕಾಶ ನೀಡಲಾಯಿತು. ಅಂತೆಯೇ ಫಲಿತಾಂಶವನ್ನು ಅವಲಂಬಿಸಿ ಫೀಸು ಗೊತ್ತುಮಾಡುವಂತಿಲ್ಲ. ಆದ್ದರಿಂದ ಬಸ್ ನಿಲ್ದಾಣದ ಎದುರಿನ ದೊಡ್ಡ ಫಲಕದಲ್ಲಿ ‘ವೀಸಾ ಖಚಿತ, ಕೆಲಸವಾದ ಮೇಲೆ ಹಣ’ ಎಂದು ಬರೆಸಿದವನು ಒಂದೋ ವಕೀಲನಲ್ಲ, ಇಲ್ಲವೇ ತನ್ನ ವೃತ್ತಿಯ ನಿಯಮಗಳನ್ನು ಮುರಿದವನು. ಎರಡೂ ಸಂದರ್ಭಗಳಲ್ಲಿ ಗಿರಾಕಿಯು ದೂರ ಉಳಿಯುವುದೇ ಲೇಸು.

ಜಾಹೀರಾತು ಇಲ್ಲದಿದ್ದರೆ ವಕೀಲರನ್ನು ಹುಡುಕುವುದು ಹೇಗೆ? ಲೆಕ್ಕಪತ್ರ ನೋಡುವ ಚಾರ್ಟರ್ಡ್ ಅಕೌಂಟೆಂಟರು, ವಕೀಲರ ಸಂಘ, ಈಗಾಗಲೇ ಇಂತಹ ಕೆಲಸ ಮಾಡಿಸಿಕೊಂಡ ಸಹವರ್ತಕರು, ಇವರೇ ವಿಶ್ವಾಸಾರ್ಹ ಮೂಲಗಳು. ಉಚ್ಚ ನ್ಯಾಯಾಲಯದ ಸಂಚಾರಿ ಪೀಠವು 2008ರಲ್ಲಿ ಕಲಬುರಗಿಯಲ್ಲಿ ಆರಂಭವಾಗಿ 2013ರಲ್ಲಿ ಕಾಯಂ ಪೀಠವಾದ ಮೇಲೆ, ಪಾಸ್‌ಪೋರ್ಟ್ ನಿರಾಕರಣೆಯಂತಹ ವಿಷಯಗಳಲ್ಲಿ ರಿಟ್ ಅರ್ಜಿ ಸಲ್ಲಿಸಲು ಬೆಂಗಳೂರಿನ ರೈಲು ಹಿಡಿಯಬೇಕಾದ ಕಾಲ ಮುಗಿದಿದೆ. ವಕೀಲರ ನೋಂದಣಿಯನ್ನು ರಾಜ್ಯ ವಕೀಲರ ಪರಿಷತ್ತಿನಲ್ಲಿ ಪರಿಶೀಲಿಸಬಹುದು. ಹಣ ತೆರಲಾಗದ ಕುಟುಂಬಗಳು, ಅದರಲ್ಲೂ ಮಹಿಳೆಯರು ಹಾಗೂ ಪರಿಶಿಷ್ಟ ಜಾತಿ, ಪಂಗಡದವರು, ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಿಂದ ಉಚಿತ ನೆರವು ಕೋರಬಹುದು.

ಸ್ಥಳೀಯ ವಕೀಲರಿಂದ ಆಗುವ ಕೆಲಸ ಸಣ್ಣದೇನಲ್ಲ. ಈ ಭಾಗದ ಅನೇಕರ ಹೆಸರು ಅಂಕಪಟ್ಟಿಯಲ್ಲಿ ಒಂದು ಬಗೆ, ಆಧಾರ್ ಚೀಟಿಯಲ್ಲಿ ಇನ್ನೊಂದು ಬಗೆ, ಪಹಣಿಯಲ್ಲಿ ಮತ್ತೊಂದು ಬಗೆ. ತಂದೆಯ ಹೆಸರು ಎಲ್ಲಿ ಬರಬೇಕು, ಮನೆತನದ ಹೆಸರು ಯಾವುದು ಎಂಬುದೇ ಸ್ಪಷ್ಟವಿರುವುದಿಲ್ಲ. ಪಾಸ್‌ಪೋರ್ಟಿನಲ್ಲಿ ಒಂದೇ ಹೆಸರಿರುವವರಿಗೆ ಪ್ರವಾಸಿ ವೀಸಾದ ಮೇಲೆ ಪ್ರವೇಶವಿಲ್ಲವೆಂದು ಸಂಯುಕ್ತ ಅರಬ್ ಸಂಸ್ಥಾನವು ನವೆಂಬರ್ 2022ರಲ್ಲಿ ಪ್ರಕಟಿಸಿದಾಗ ಈ ಅಸ್ಪಷ್ಟತೆಯ ತೊಂದರೆ ಹಲವರಿಗೆ ತಟ್ಟಿತು. ನಿಜಾಮರ ಆಡಳಿತವಿದ್ದ ಈ ಸೀಮೆಯಲ್ಲಿ ಅಜ್ಜನ ಕಾಲದ ಕಾಗದಗಳು ಉರ್ದುವಿನಲ್ಲಿರುವುದುಂಟು. ಅವುಗಳಿಗೆ ದೃಢೀಕೃತ ಅನುವಾದ ಬೇಕು. ಪ್ರಮಾಣಪತ್ರ, ಹೆಸರು ತಿದ್ದುಪಡಿ, ಜನ್ಮದಿನಾಂಕದ ಬಗ್ಗೆ ಸಿವಿಲ್ ನ್ಯಾಯಾಲಯದ ಘೋಷಣೆ, ಇವನ್ನೆಲ್ಲ ಆಳಂದದ ವಕೀಲರು ನ್ಯೂಯಾರ್ಕಿನ ವಕೀಲರಿಗಿಂತ ಚೆನ್ನಾಗಿ ಮಾಡಿಕೊಡಬಲ್ಲರು. ವೀಸಾ ಅರ್ಜಿ ಹಾಕುವ ಆರು ತಿಂಗಳ ಮೊದಲೇ ಇದನ್ನು ಮುಗಿಸಿಟ್ಟುಕೊಳ್ಳುವುದು ಜಾಣತನ.

ಆದರೆ ಕೆನಡಾದ ಕಾನೂನು ಕಲಬುರಗಿಯ ವಕೀಲರ ಅಧಿಕಾರಕ್ಕೆ ಒಳಪಟ್ಟದ್ದಲ್ಲ. ಅಲ್ಲಿ ಹಣ ಪಡೆದು ಅರ್ಜಿದಾರರನ್ನು ಪ್ರತಿನಿಧಿಸುವವರು ಆ ದೇಶದ ವಕೀಲರೋ, ಅಲ್ಲಿನ ವಲಸೆ ಸಲಹೆಗಾರರ ಕಾಲೇಜಿನ ಸದಸ್ಯರೋ ಆಗಿರಬೇಕು. ಅವರ ಹೆಸರನ್ನು ಅರ್ಜಿಯಲ್ಲಿ ನಮೂದಿಸಬೇಕು. ತನ್ನ ಹೆಸರನ್ನು ಎಲ್ಲಿಯೂ ಕಾಣಿಸದೆ ಅರ್ಜಿದಾರನೇ ತುಂಬಿದಂತೆ ಅರ್ಜಿ ತುಂಬುವ ಏಜೆಂಟನ ತಪ್ಪಿಗೆ ಹೊಣೆ ಅರ್ಜಿದಾರನದೇ. ಸುಳ್ಳು ಮಾಹಿತಿ ಕಂಡುಬಂದರೆ ಐದು ವರ್ಷ ಪ್ರವೇಶ ನಿಷೇಧ. ಏಜೆಂಟನೊಬ್ಬ ಕೊಡಿಸಿದ ನಕಲಿ ಪ್ರವೇಶಪತ್ರಗಳಿಂದಾಗಿ ಭಾರತದ, ಹೆಚ್ಚಾಗಿ ಪಂಜಾಬಿನ, ವಿದ್ಯಾರ್ಥಿಗಳು 2023ರಲ್ಲಿ ಅಲ್ಲಿಂದ ಗಡೀಪಾರಿನ ಭೀತಿ ಎದುರಿಸಿದ್ದು ಇದಕ್ಕೆ ನಿದರ್ಶನ.

ಅಮೆರಿಕದಲ್ಲಿ ವಲಸೆಯು ಕೇಂದ್ರ ಸರ್ಕಾರದ ವಿಷಯವಾದ್ದರಿಂದ ಯಾವುದಾದರೂ ಒಂದು ರಾಜ್ಯದಲ್ಲಿ ಪರವಾನಗಿ ಪಡೆದ ವಕೀಲರು ಸಾಕು; ಟೆಕ್ಸಾಸಿನಲ್ಲಿರುವ ಮಗಳ ಪ್ರಕರಣವನ್ನು ನ್ಯೂಜೆರ್ಸಿಯ ವಕೀಲರು ನಡೆಸಬಹುದು. ಬ್ರಿಟನ್ನಿನಲ್ಲಿ ಅನುಮತಿಯಿಲ್ಲದೆ ವಲಸೆ ಸಲಹೆ ನೀಡುವುದೇ ಅಪರಾಧ. ಆಸ್ಟ್ರೇಲಿಯಾದಲ್ಲಿ ವಕೀಲರಲ್ಲದ ವಲಸೆ ಏಜೆಂಟರಿಗೆ ನೋಂದಣಿ ಕಡ್ಡಾಯ. ಆದರೆ ಈ ಎರಡು ದೇಶಗಳ ನಿಯಮಗಳು ಆಯಾ ದೇಶದ ಒಳಗೆ ಸಲಹೆ ನೀಡುವವರಿಗೆ ಅನ್ವಯಿಸುತ್ತವೆಯೇ ಹೊರತು ಸೂಪರ್ ಮಾರ್ಕೆಟ್ ಪ್ರದೇಶದ ಮೊದಲ ಮಹಡಿಯಲ್ಲಿ ಕಚೇರಿ ತೆರೆದವನನ್ನು ಮುಟ್ಟುವುದಿಲ್ಲ. ‘ಲಂಡನ್ನಿನ ಮಾನ್ಯತೆ ಇದೆ’ ಎನ್ನುವವನಿಂದ ನೋಂದಣಿ ಸಂಖ್ಯೆ ಕೇಳಿ ಅಲ್ಲಿನ ಸಾರ್ವಜನಿಕ ಪಟ್ಟಿಯಲ್ಲಿ ನೋಡುವುದು ಐದು ನಿಮಿಷದ ಕೆಲಸ.

ವಿದೇಶಿಯರನ್ನು ಇಲ್ಲಿಗೆ ಕರೆಸಿಕೊಳ್ಳುವ ಕಾರ್ಖಾನೆದಾರರು 2025ರ ವಲಸೆ ಮತ್ತು ವಿದೇಶಿಯರ ಕಾಯಿದೆಯನ್ನು ಅವಶ್ಯ ಗಮನಿಸಬೇಕು. 1946ರ ವಿದೇಶಿಯರ ಕಾಯಿದೆ ಸೇರಿದಂತೆ ನಾಲ್ಕು ಹಳೆಯ ಕಾಯಿದೆಗಳ ಸ್ಥಾನದಲ್ಲಿ ಇದು 1 ಸೆಪ್ಟೆಂಬರ್ 2025ರಿಂದ ಜಾರಿಗೆ ಬಂದಿದೆ. ವೀಸಾ ಅವಧಿ ಮೀರಿ ಉಳಿದವರಿಗೆ ಮೂರು ವರ್ಷಗಳ ವರೆಗಿನ ಸೆರೆಮನೆ, ಮೂರು ಲಕ್ಷ ರೂಪಾಯಿಗಳ ವರೆಗಿನ ದಂಡ ವಿಧಿಸಬಹುದಾಗಿದೆ. ಯಂತ್ರದ ಬೆಲೆ ಮಾತನಾಡಲು ಬರುವವರ ವೀಸಾ ಬೇರೆ, ಯಂತ್ರದ ಕೆಲಸ ಮಾಡಲು ಬರುವವರ ವೀಸಾ ಬೇರೆ ಆಗಬಹುದು. ಆಹ್ವಾನ ಪತ್ರದಲ್ಲಿ ಬರೆಯುವ ಒಂದು ಸಾಲು ಇದನ್ನು ನಿರ್ಧರಿಸುವುದರಿಂದ ಆ ಪತ್ರವನ್ನು ಗುಮಾಸ್ತರಿಂದ ಬರೆಸದೆ ವಕೀಲರಿಂದ ಬರೆಸುವುದು ಕ್ಷೇಮ. ಅತಿಥಿ ತಂಗುವ ಹೋಟೆಲು 24 ಗಂಟೆಗಳೊಳಗೆ ಮಾಹಿತಿ ಸಲ್ಲಿಸಿದೆಯೇ ಎಂಬುದನ್ನೂ ವಿಚಾರಿಸಬೇಕು.

ವಕೀಲರೊಡನೆ ಮೊದಲ ಭೇಟಿಯಲ್ಲಿಯೇ ಫೀಸು ಎಷ್ಟು, ಸರ್ಕಾರಿ ಶುಲ್ಕ ಎಷ್ಟು ಎಂಬುದನ್ನು ಬೇರೆ ಬೇರೆಯಾಗಿ ಬರೆಸಿಕೊಳ್ಳತಕ್ಕದ್ದು. ಕಡತ ನೋಡುವವರು ಸ್ವತಃ ಅವರೋ ಸಹಾಯಕರೋ ಎಂದು ಕೇಳಲು ಸಂಕೋಚ ಬೇಡ. ಮೂಲ ಪಾಸ್‌ಪೋರ್ಟನ್ನು ಕಚೇರಿಯಲ್ಲಿ ಬಿಟ್ಟುಬರುವ ಅಗತ್ಯ ಸಾಮಾನ್ಯವಾಗಿ ಇರುವುದಿಲ್ಲ. ಅರ್ಜಿಯ ಪ್ರತಿಯನ್ನು ಓದದೆ ಸಹಿ ಹಾಕಬಾರದು. ಪ್ರಕರಣ ದುರ್ಬಲವಾಗಿದೆ ಎಂದು ನೇರವಾಗಿ ಹೇಳುವ ವಕೀಲರ ಮೇಲೆ ಅನೇಕರು ಮುನಿಸಿಕೊಂಡು ಎದ್ದುಬರುತ್ತಾರೆ. ಫೀಸಿಗೆ ಯೋಗ್ಯವಾದ ಸಲಹೆ ಬಹುಶಃ ಅದೇ ಆಗಿರುತ್ತದೆ.

ಮೋಸವಾದ ಪಕ್ಷದಲ್ಲಿ ದಾರಿಗಳು ಬೇರೆ ಬೇರೆ. ವಕೀಲರ ದುರ್ನಡತೆಯ ದೂರು ರಾಜ್ಯ ವಕೀಲರ ಪರಿಷತ್ತಿಗೆ ಸಲ್ಲುತ್ತದೆ. ವಕೀಲರ ಸೇವೆಯು ಗ್ರಾಹಕ ಸಂರಕ್ಷಣಾ ಕಾಯಿದೆಯ ವ್ಯಾಪ್ತಿಗೆ ಬಾರದೆಂದು ಸರ್ವೋಚ್ಚ ನ್ಯಾಯಾಲಯವು ಮೇ 2024ರಲ್ಲಿ ತೀರ್ಪಿತ್ತಿದೆ. ವೀಸಾ ಸಲಹಾ ಸಂಸ್ಥೆಗಳಿಗೆ ಈ ವಿನಾಯಿತಿ ಇಲ್ಲವಾದ್ದರಿಂದ ರಸೀದಿ ಇದ್ದವರು ಜಿಲ್ಲಾ ಗ್ರಾಹಕ ಆಯೋಗದ ಮೆಟ್ಟಿಲು ಹತ್ತಬಹುದು. ನೋಂದಣಿಯಿಲ್ಲದ ನೇಮಕಾತಿ ಏಜೆಂಟರ ವಿರುದ್ಧ ಪೊಲೀಸ್ ಠಾಣೆಗೂ ಬೆಂಗಳೂರಿನ ವಲಸಿಗರ ಸಂರಕ್ಷಣಾಧಿಕಾರಿಗೂ ದೂರು ಕೊಡಬಹುದು. ಹೊರದೇಶದಲ್ಲಿ ಈಗಾಗಲೇ ಸಿಕ್ಕಿಕೊಂಡವರ ಪರವಾಗಿ ಮನೆಯವರು ವಿದೇಶಾಂಗ ಸಚಿವಾಲಯದ ಮದದ್ ತಾಣದಲ್ಲಿ ಅಹವಾಲು ದಾಖಲಿಸಬಹುದು. ಇವೆಲ್ಲಕ್ಕೂ ಕೇಳುವ ಮೊದಲ ಕಾಗದಗಳು ಪಾಸ್‌ಪೋರ್ಟ್ ಮತ್ತು ವೀಸಾದ ನಕಲು, ಕರಾರು ಪತ್ರ ಹಾಗೂ ಹಣ ಸಂದಾಯದ ದಾಖಲೆ. ಹೊರಡುವ ದಿನವೇ ಇವುಗಳ ಒಂದು ಜೊತೆ ಪ್ರತಿಯನ್ನು ಊರಿನ ಮನೆಯಲ್ಲಿ ಇರಿಸಿ ಹೋಗತಕ್ಕದ್ದು.