ಗಿನಿಪಿಗ್ ಬೆನ್ನಿನ ಮೇಲೊಂದು ಗಜಕರ್ಣ

ಮಳೆಗಾಲದಲ್ಲಿ ಬಟ್ಟೆ ಒಣಗದ ದಿನಗಳು ಶುರುವಾದರೆ ಚರ್ಮವೈದ್ಯರ ಕೋಣೆಯ ಮುಂದೆ ಸಾಲು ಬೆಳೆಯುತ್ತದೆ. ತೊಡೆಸಂದು, ಸೊಂಟ, ಕಂಕುಳು ಹೀಗೆ ಬೆವರು ನಿಲ್ಲುವ ಕಡೆಯಲ್ಲೆಲ್ಲ ದುಂಡನೆಯ ಕೆಂಪು ಕಲೆ, ಅದರ ಅಂಚಿನಲ್ಲಿ ಹೊಟ್ಟು, ರಾತ್ರಿಯಿಡೀ ತುರಿಕೆ. ಹುಳುಕಡ್ಡಿ, ಗಜಕರ್ಣ ಎಂದು ನಾವು ಕರೆಯುವ ಈ ಕಾಯಿಲೆ ಸಾಮಾನ್ಯವಾಗಿ ಯಾರ ಜೀವವನ್ನೂ ತೆಗೆಯುವುದಿಲ್ಲ. ಹಾಗಾಗಿಯೇ ಏನೋ, ಅದನ್ನು ಯಾರೂ ದೊಡ್ಡ ರೋಗವೆಂದು ಎಣಿಸುವುದಿಲ್ಲ. ಆದರೆ ತಿಂಗಳುಗಟ್ಟಲೆ ನಿದ್ದೆಗೆಟ್ಟವರನ್ನು, ನಾಚಿಕೆಯಿಂದ ಮನೆಯವರಿಗೂ ಹೇಳದೆ ಸಹಿಸಿಕೊಂಡವರನ್ನು ಮಾತನಾಡಿಸಿದರೆ ಇದು ಸಣ್ಣ ಸಂಕಟವಲ್ಲ ಎಂದು ತಿಳಿಯುತ್ತದೆ.

ಇದಕ್ಕೆ ಕಾರಣ ಶಿಲೀಂಧ್ರ, ಅಂದರೆ ಒಂದು ಬಗೆಯ ಬೂಷ್ಟು. ಚರ್ಮದ ಹೊರಪದರ, ಕೂದಲು, ಉಗುರು ಇವೆಲ್ಲ ಕೆರಾಟಿನ್ ಎಂಬ ಗಟ್ಟಿ ಪ್ರೋಟೀನಿನಿಂದ ಆದವು. ಅದನ್ನು ಜೀರ್ಣಿಸಿಕೊಳ್ಳಬಲ್ಲ ಜೀವಿಗಳು ಹೆಚ್ಚಿಲ್ಲ. ಈ ಶಿಲೀಂಧ್ರಗಳಿಗೆ ಆ ಶಕ್ತಿಯಿದೆ. ದೇಹದ ಒಳಗಿನ ಬಿಸಿ ಅವಕ್ಕೆ ಒಗ್ಗದು. ಆದ್ದರಿಂದ ಅವು ಸತ್ತ ಹೊರಪದರದಲ್ಲೇ ಹರಡುತ್ತವೆ. ವೈದ್ಯರಿಗೆ ತೊಡಕಾದದ್ದೂ ಇದೇ. ಸತ್ತ ಪದರಕ್ಕೆ ರಕ್ತ ಹರಿಯುವುದಿಲ್ಲ. ಮುಲಾಮು ಹಚ್ಚಿದರೆ ಕೂದಲಿನ ಬುಡದವರೆಗೆ ಇಳಿಯುವುದಿಲ್ಲ. ನುಂಗಿದ ಔಷಧ ಅಲ್ಲಿಗೆ ತಲುಪುವುದಾದರೂ ಹೇಗೆ?

ಔಷಧವಿಲ್ಲದ ಆ ಕಾಲದಲ್ಲಿ ಮಕ್ಕಳ ತಲೆಯ ಹುಳುಕಡ್ಡಿಗೆ ಎಕ್ಸ್-ರೇ ಹಾಯಿಸುತ್ತಿದ್ದರು. ಕಿರಣ ತಗಲಿ ಕೂದಲೆಲ್ಲ ಉದುರಿದರೆ ಶಿಲೀಂಧ್ರವೂ ಅದರೊಂದಿಗೆ ಹೋಗುತ್ತದೆ ಎಂಬುದು ಲೆಕ್ಕ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಪ್ಯಾರಿಸ್ಸಿನ ಚರ್ಮತಜ್ಞ ರೇಮಂಡ್ ಸಬುರೊ ರೂಢಿಗೆ ತಂದ ಈ ವಿಧಾನ ಅರ್ಧ ಶತಮಾನಕ್ಕೂ ಹೆಚ್ಚು ಕಾಲ ನಡೆಯಿತು. ಹೊಸದಾಗಿ ಹುಟ್ಟಿದ ಇಸ್ರೇಲಿನಲ್ಲಿ ವಲಸೆ ಬಂದ ಸಾವಿರಾರು ಮಕ್ಕಳಿಗೆ ಹೀಗೆ ಚಿಕಿತ್ಸೆ ಕೊಟ್ಟರು. ಅವರಲ್ಲಿ ಮಿದುಳಿನ ಗೆಡ್ಡೆ, ಥೈರಾಯ್ಡ್ ಕ್ಯಾನ್ಸರ್ ಹೆಚ್ಚಾಗಿರುವುದು 1970ರ ದಶಕದಲ್ಲಿ ಸಂಶೋಧಕರ ಕಣ್ಣಿಗೆ ಬಿತ್ತು.

ಎಕ್ಸ್-ರೇ ಹಾದಿಯನ್ನು ಮುಚ್ಚಿಸಿದ್ದು ಗಿನಿಪಿಗ್. ಪೆನಿಸಿಲಿಯಮ್ ಜಾತಿಯ ಒಂದು ಬೂಷ್ಟಿನಿಂದ 1939ರಲ್ಲೇ ಲಂಡನ್ನಿನ ವಿಜ್ಞಾನಿಗಳು ಗ್ರಿಸಿಯೊಫಲ್ವಿನ್ ಎಂಬ ವಸ್ತುವನ್ನು ಬೇರ್ಪಡಿಸಿದ್ದರು. ಬ್ಯಾಕ್ಟೀರಿಯಾಗಳ ಮೇಲೆ ಅದು ಪ್ರಯೋಜನಕ್ಕೆ ಬರಲಿಲ್ಲವಾಗಿ ವೈದ್ಯರು ಅದರತ್ತ ನೋಡಲಿಲ್ಲ. ಗಿಡಗಳ ರೋಗ ತಡೆಯಲು ಬಂದೀತೇ ಎಂದು ಸಸ್ಯವಿಜ್ಞಾನಿಗಳು ಮಾತ್ರ ಪರೀಕ್ಷಿಸುತ್ತಿದ್ದರು. ಹೀಗೆ ಹತ್ತೊಂಬತ್ತು ವರ್ಷ ಕಳೆಯಿತು. 1958ರಲ್ಲಿ ಗ್ಲ್ಯಾಸ್ಗೊದ ಶಿಲೀಂಧ್ರತಜ್ಞ ಜೆಂಟಲ್ಸ್ ಗಿನಿಪಿಗ್‌ಗಳ ಚರ್ಮಕ್ಕೆ ಮೈಕ್ರೊಸ್ಪೋರಮ್ ಶಿಲೀಂಧ್ರ ತಗಲಿಸಿ, ಗ್ರಿಸಿಯೊಫಲ್ವಿನ್ ಅನ್ನು ಬಾಯಿಯ ಮೂಲಕ ಕೊಟ್ಟರು. ಪ್ರಾಣಿಗಳು ಗುಣವಾದವು. ರಕ್ತದಲ್ಲಿ ಬಂದ ಔಷಧ ಕೂದಲಿನ ಬುಡದಲ್ಲಿ ಹೊಸದಾಗಿ ಹುಟ್ಟುವ ಕೆರಾಟಿನ್ನಿನೊಳಗೆ ಸೇರಿಕೊಂಡು, ಕೂದಲು ಬೆಳೆದಂತೆ ತಾನೂ ಮೇಲಕ್ಕೆ ಬರುತ್ತಿತ್ತು. ಅಂಥ ಕೂದಲನ್ನು ಶಿಲೀಂಧ್ರ ಹೊಕ್ಕಲಾರದು. ಮರುವರ್ಷ ಅವರ ತಂಡ ಗಿನಿಪಿಗ್ ಕೂದಲಿನಲ್ಲೇ ಈ ಔಷಧವಿರುವುದನ್ನು ತೋರಿಸಿತು. ಮನುಷ್ಯರಲ್ಲಿ ಅದು ಫಲ ಕೊಟ್ಟ ವರದಿ ಬರಲು ಒಂದು ವರ್ಷವೂ ಬೇಕಾಗಲಿಲ್ಲ. ಮಕ್ಕಳ ತಲೆಗೆ ಕಿರಣ ಹಾಯಿಸುವ ಅಗತ್ಯ ತಪ್ಪಿತು. ಪ್ರಾಣಿಪ್ರಯೋಗದ ಬಗ್ಗೆ ಎಷ್ಟೇ ತಕರಾರಿದ್ದರೂ ಈ ಒಂದು ಪ್ರಸಂಗವನ್ನು ನಾನು ಬದಿಗಿಡಲಾರೆ.

ಇಂಥ ಪ್ರಯೋಗ ನಡೆಯುವ ಬಗೆಯನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ಗಿನಿಪಿಗ್‌ಗೆ ಅರಿವಳಿಕೆ ಕೊಟ್ಟು ಬೆನ್ನಿನ ಮೇಲೆ ಒಂದು ಚಿಕ್ಕ ಚೌಕದಷ್ಟು ಕೂದಲು ಕತ್ತರಿಸುತ್ತಾರೆ. ಆ ಜಾಗವನ್ನು ಮರಳು ಕಾಗದದಿಂದ ಮೆಲ್ಲಗೆ ಉಜ್ಜುತ್ತಾರೆ. ರಕ್ತ ಬರಬಾರದು, ಹೊರಪದರ ಸಡಿಲವಾದರೆ ಸಾಕು. ಮೇಲೆ ಶಿಲೀಂಧ್ರದ ಲಕ್ಷಾಂತರ ಬೀಜಕಣಗಳಿರುವ ದ್ರವದ ಕೆಲವು ಹನಿಗಳನ್ನು ಸವರುತ್ತಾರೆ. ಕೆಲವೇ ದಿನಗಳಲ್ಲಿ ಜಾಗ ಕೆಂಪಾಗಿ, ಹೊಟ್ಟೇಳುತ್ತದೆ, ಹಕ್ಕಳೆ ಕಟ್ಟುತ್ತದೆ. ಆಗ ಒಂದು ಗುಂಪಿಗೆ ಔಷಧ ಕೊಡುತ್ತಾರೆ, ಇನ್ನೊಂದಕ್ಕೆ ಔಷಧವಿಲ್ಲದ ಬರೀ ಮುಲಾಮು. ಚರ್ಮದ ಕೆಂಪು, ಹಕ್ಕಳೆಗಳಿಗೆ ಪ್ರತಿದಿನ ಅಂಕ ಹಾಕುತ್ತಾರೆ. ಕೊನೆಗೆ ಆ ಚೌಕದಿಂದ ಚಿಮುಟದಲ್ಲಿ ಒಂದೊಂದೇ ಕೂದಲು ಕಿತ್ತು ಅಗರ್ ತಟ್ಟೆಯಲ್ಲಿ ಊರುತ್ತಾರೆ. ಎಷ್ಟು ಕೂದಲ ಬುಡದಲ್ಲಿ ಬಿಳಿಯ ಬೂಷ್ಟು ಮೂಡಿತು ಎಂಬುದೇ ಔಷಧದ ನಿಜವಾದ ಫಲಿತಾಂಶ. ಚರ್ಮ ನೋಡಲು ವಾಸಿಯಾದಂತಿದ್ದು ಕೂದಲಲ್ಲಿ ಶಿಲೀಂಧ್ರ ಉಳಿದಿದ್ದರೆ ಅದು ಗುಣವಲ್ಲ. ಈ ವ್ಯತ್ಯಾಸವನ್ನು ರೋಗಿಗಳೂ ಮರೆಯಬಾರದು.

ಇಂದು ಎಲ್ಲೆಡೆ ಬಳಕೆಯಲ್ಲಿರುವ ಟರ್ಬಿನಾಫಿನ್ ಕೂಡ ಇದೇ ದಾರಿಯಲ್ಲಿ ಬಂದದ್ದು. ವಿಯೆನ್ನಾದ ಸ್ಯಾಂಡೋಜ್ ಪ್ರಯೋಗಾಲಯದಲ್ಲಿ ಬೇರೆ ಉದ್ದೇಶಕ್ಕೆ ತಯಾರಿಸಿದ್ದ ನ್ಯಾಫ್ಟಿಫಿನ್ ಎಂಬ ರಾಸಾಯನಿಕ ಶಿಲೀಂಧ್ರ ಕೊಲ್ಲುವುದು ಅಕಸ್ಮಾತ್ತಾಗಿ ತಿಳಿಯಿತು. ಆದರೆ ಅದು ಹಚ್ಚಲಷ್ಟೇ ಯೋಗ್ಯವಾಗಿತ್ತು. ಅದರ ರಚನೆಯನ್ನು ಬದಲಿಸುತ್ತ ಹೋಗಿ, ನುಂಗಿದರೂ ಕೆಲಸ ಮಾಡುವ ರೂಪವನ್ನು ಕಂಡುಕೊಂಡರು. 1980ರ ದಶಕದ ಆ ಪರೀಕ್ಷೆಗಳಲ್ಲೂ ಗಿನಿಪಿಗ್‌ಗಳಿದ್ದವು.

ಆದರೆ ಈ ಮಾದರಿಗೆ ಒಂದು ದೊಡ್ಡ ಕೊರತೆಯಿದೆ: ಗಿನಿಪಿಗ್ ತಾನಾಗಿಯೇ ವಾಸಿಯಾಗುತ್ತದೆ. ಎರಡು ವಾರದಲ್ಲಿ ಹುಣ್ಣು ಉಲ್ಬಣಿಸಿ, ಕೆಲವು ವಾರಗಳಲ್ಲಿ ಔಷಧವಿಲ್ಲದೆಯೇ ಮಾಯುತ್ತದೆ. ಒಮ್ಮೆ ರೋಗ ತಗಲಿ ಗುಣವಾದ ಗಿನಿಪಿಗ್‌ಗೆ ಮತ್ತೆ ಶಿಲೀಂಧ್ರ ಹಚ್ಚಿದರೆ ಸುಲಭಕ್ಕೆ ಹತ್ತುವುದಿಲ್ಲ ಎಂಬುದನ್ನು ಸ್ವಿಟ್ಜರ್ಲೆಂಡಿನ ಬ್ರೂನೊ ಬ್ಲೋಖ್ 1908ರಷ್ಟು ಹಿಂದೆಯೇ ತೋರಿಸಿದ್ದರು. ಪ್ರಾಣಿಯ ದೇಹ ಪರಕೀಯನನ್ನು ಗುರುತಿಸಿ, ಉರಿಯೂತ ಎಬ್ಬಿಸಿ, ಚರ್ಮವನ್ನು ಬೇಗ ಬೇಗ ಉದುರಿಸಿ ಹೊರಹಾಕುತ್ತದೆ. ಮನುಷ್ಯನ ಚರ್ಮಕ್ಕೆ ಒಗ್ಗಿಹೋದ ಟ್ರೈಕೊಫೈಟಾನ್ ರೂಬ್ರಮ್ ಎಂಬ ಶಿಲೀಂಧ್ರವಂತೂ ಪ್ರಾಣಿಗಳ ಮೇಲೆ ಸರಿಯಾಗಿ ನಿಲ್ಲುವುದೇ ಇಲ್ಲ. ನಮ್ಮಲ್ಲಿ ವರ್ಷಗಟ್ಟಲೆ ಉಳಿಯುವ ಗಜಕರ್ಣವನ್ನು ಅಷ್ಟು ಬೇಗ ಮಾಯುವ ಚರ್ಮದಲ್ಲಿ ಅಭ್ಯಾಸ ಮಾಡುವುದು ಕಷ್ಟ.

ಗಜಕರ್ಣ ನಮ್ಮಲ್ಲಿ ಯಾಕೆ ಹೀಗೆ ಬಿಡದೆ ಉಳಿಯುತ್ತದೆ? ಈಗ ಭಾರತಕ್ಕೆ ಬೇಕಾಗಿರುವುದು ಆ ಉತ್ತರವೇ. ಕಳೆದ ಒಂದು ದಶಕದಲ್ಲಿ ಇಲ್ಲಿನ ಹುಳುಕಡ್ಡಿಯ ಸ್ವಭಾವವೇ ಬದಲಾಗಿದೆ. ಮೈತುಂಬ ಹರಡುತ್ತದೆ, ಇಡೀ ಮನೆಗೆ ಅಂಟುತ್ತದೆ, ಮಾತ್ರೆ ನಿಲ್ಲಿಸಿದ ಕೂಡಲೇ ಮರಳುತ್ತದೆ. ಜಪಾನಿನಲ್ಲಿದ್ದ ಭಾರತ, ನೇಪಾಳ ಮೂಲದ ರೋಗಿಗಳಿಂದ ತೆಗೆದ ಶಿಲೀಂಧ್ರವನ್ನು ಪರೀಕ್ಷಿಸಿ ಅಲ್ಲಿನ ಸಂಶೋಧಕರು 2020ರಲ್ಲಿ ಅದಕ್ಕೆ ಟ್ರೈಕೊಫೈಟಾನ್ ಇಂಡೊಟಿನಿಯೆ ಎಂದು ಹೆಸರಿಟ್ಟರು. ಟರ್ಬಿನಾಫಿನ್ ಕೆಲಸ ಮಾಡುವುದು ಶಿಲೀಂಧ್ರದ ಒಂದು ಕಿಣ್ವವನ್ನು ತಡೆದು. ಆ ಕಿಣ್ವದ 397ನೆಯ ಸ್ಥಾನದಲ್ಲಿ ಒಂದೇ ಒಂದು ಅಮೈನೊ ಆಮ್ಲ ಬದಲಾದರೂ ಔಷಧಕ್ಕೆ ಹಿಡಿತ ಸಿಗುವುದಿಲ್ಲ. ಅಂಥ ತಳಿಗಳನ್ನು ದೆಹಲಿ, ಚಂಡೀಗಢದ ಪ್ರಯೋಗಾಲಯಗಳು 2018ರಲ್ಲೇ ವರದಿ ಮಾಡಿದ್ದವು. 2023ರಲ್ಲಿ ಅದು ನ್ಯೂಯಾರ್ಕಿನಲ್ಲೂ ಪತ್ತೆಯಾಯಿತು.

ಇಷ್ಟಕ್ಕೂ ಶಿಲೀಂಧ್ರವೊಂದನ್ನೇ ದೂರಿ ಫಲವಿಲ್ಲ. ಶಿಲೀಂಧ್ರನಾಶಕ, ಆ್ಯಂಟಿಬಯೊಟಿಕ್ ಜೊತೆಗೆ ಕ್ಲೊಬೆಟಸಾಲ್‌ನಂಥ ತೀವ್ರ ಸ್ಟೀರಾಯ್ಡ್ ಬೆರೆಸಿದ ಮುಲಾಮುಗಳು ನಮ್ಮ ಅಂಗಡಿಗಳಲ್ಲಿ ಚಾಕೊಲೇಟಿನಷ್ಟು ಸಲೀಸಾಗಿ ಸಿಗುತ್ತ ಬಂದಿವೆ. ಸ್ಟೀರಾಯ್ಡ್ ಉರಿಯೂತವನ್ನು ಅಡಗಿಸುತ್ತದೆ. ಎರಡೇ ದಿನದಲ್ಲಿ ತುರಿಕೆ ನಿಂತು, ಕೊಳವೆಗೆ ಕೊಟ್ಟ ಹಣ ಸಾರ್ಥಕವಾಯಿತು ಅನ್ನಿಸುತ್ತದೆ. ಗಿನಿಪಿಗ್‌ಗಳ ಚರ್ಮ ನಮಗೆ ಕಲಿಸಿದ್ದಾದರೂ ಏನು? ಆ ಉರಿಯೂತವೇ ಶಿಲೀಂಧ್ರವನ್ನು ಹೊರದಬ್ಬುವ ಶಕ್ತಿ ಎಂದು. ಅದನ್ನು ಅಡಗಿಸಿದರೆ ಶಿಲೀಂಧ್ರ ತಡೆಯಿಲ್ಲದೆ ಹರಡುತ್ತದೆ, ಚರ್ಮ ತೆಳುವಾಗಿ ಬಿರುಕುಗೆರೆ ಬೀಳುತ್ತದೆ, ಮುಲಾಮು ಬಿಟ್ಟೊಡನೆ ತುರಿಕೆ ಮೊದಲಿಗಿಂತ ಜೋರಾಗುತ್ತದೆ.

ಪ್ರಾಣಿಗಳ ಬಳಕೆಯನ್ನು ಕಡಿಮೆ ಮಾಡಬೇಕು, ಸಾಧ್ಯವಾದಲ್ಲಿ ಬೇರೆ ದಾರಿ ಹಿಡಿಯಬೇಕು, ನೋವು ತಗ್ಗಿಸಬೇಕು ಎಂಬ ಸೂತ್ರವನ್ನು ರಸೆಲ್ ಮತ್ತು ಬರ್ಚ್ ಎಂಬ ಇಬ್ಬರು ಬ್ರಿಟಿಷ್ ವಿಜ್ಞಾನಿಗಳು 1959ರಲ್ಲಿ ಮುಂದಿಟ್ಟರು. ಭಾರತದಲ್ಲಿ ಇಂಥ ಪ್ರಯೋಗಗಳಿಗೆ 1960ರ ಪ್ರಾಣಿಹಿಂಸೆ ತಡೆ ಕಾಯಿದೆಯ ಅಂಕೆಯಿದೆ. ಶಸ್ತ್ರಚಿಕಿತ್ಸೆಯಲ್ಲಿ ತೆಗೆದುಹಾಕಿದ ಮನುಷ್ಯರ ಚರ್ಮದ ತುಣುಕು, ಪ್ರಯೋಗಾಲಯದಲ್ಲಿ ಬೆಳೆಸಿದ ಚರ್ಮದ ಪದರ, ಮೇಣದ ಚಿಟ್ಟೆಯ ಮರಿಹುಳು ಇವೆಲ್ಲ ಈಗ ಬಳಕೆಗೆ ಬಂದಿವೆ. ನಮ್ಮ ದೀರ್ಘಕಾಲದ ಗಜಕರ್ಣವನ್ನು ಅರಿಯಲು ಮನುಷ್ಯ ಚರ್ಮದ ತುಣುಕುಗಳೇ ಹೆಚ್ಚು ತಕ್ಕವು ಎಂದು ನನ್ನ ಅನಿಸಿಕೆ. ಆದರೆ ತುಣುಕಿನಲ್ಲಿ ರಕ್ತ ಹರಿಯುವುದಿಲ್ಲ, ರೋಗನಿರೋಧಕ ಕಣಗಳು ದಂಡೆತ್ತಿ ಬರುವುದಿಲ್ಲ. ಅದಕ್ಕೆ ಇನ್ನೂ ಕೆಲಕಾಲ ಜೀವಂತ ಪ್ರಾಣಿ ಬೇಕಾಗುತ್ತದೆ.

ಓದುಗರಲ್ಲಿ ಒಂದು ಮನವಿ. ದುಂಡನೆಯ ಕೆಂಪು ಕಲೆ ಕಂಡಾಗ ಅಂಗಡಿಯವರು ಕೊಟ್ಟ ಮುಲಾಮು ಹಚ್ಚಬೇಡಿ. ಮನೆಯಲ್ಲಿ ಹಳೆಯ ಕೊಳವೆಯಿದ್ದರೆ ಹೆಸರುಗಳನ್ನು ಓದಿ. ಕ್ಲೊಬೆಟಸಾಲ್, ಬೀಟಾಮೆಥಸೋನ್, ಮೊಮೆಟಸೋನ್ ಇದ್ದರೆ ಅದು ಹುಳುಕಡ್ಡಿಗೆ ಹಚ್ಚುವ ಮದ್ದಲ್ಲ. ಚರ್ಮವೈದ್ಯರನ್ನು ಕಾಣಿ, ಮನೆಯಲ್ಲಿ ತುರಿಕೆ ಇರುವ ಎಲ್ಲರಿಗೂ ಒಟ್ಟಿಗೆ ಚಿಕಿತ್ಸೆ ಮಾಡಿಸಿ, ಟವೆಲ್ ಬೇರೆಬೇರೆ ಇಡಿ, ಒಳಉಡುಪನ್ನು ಬಿಸಿಲಲ್ಲಿ ಒಣಗಿಸಿ. ತುರಿಕೆ ನಿಂತ ಮೇಲೂ ವೈದ್ಯರು ಹೇಳಿದಷ್ಟು ದಿನ ಮಾತ್ರೆ ನುಂಗಿ.