ಡಬ್ಬಿಯಲ್ಲಿಟ್ಟ ಶೂ ಬಾಳುವುದಿಲ್ಲ

ನಾನೀಗ ಬಿ.ಇ. ಮೂರನೇ ವರ್ಷದಲ್ಲಿದ್ದೇನೆ. ಪ್ಲೇಸ್‌ಮೆಂಟ್ ಹತ್ತಿರವಾದಂತೆ ಹಾಸ್ಟೆಲ್ ಮಂಚಗಳ ಕೆಳಗೆ ಒಂದೊಂದೇ ರಟ್ಟಿನ ಡಬ್ಬಿ ಬಂದು ಸೇರುತ್ತಿವೆ. ಒಳಗಿರುವುದು ಕಪ್ಪು ಬಣ್ಣದ ಫಾರ್ಮಲ್ ಶೂ. ಮನೆಯಲ್ಲಿ ಯಾರೂ ಅಷ್ಟು ಬೆಲೆಯ ಪಾದರಕ್ಷೆ ಮೆಟ್ಟಿದವರಲ್ಲ. ಹಾಗಾಗಿ ಸಂದರ್ಶನ, ಮದುವೆ ಬಿಟ್ಟರೆ ಅದು ಹೊರಗೆ ಬರುವುದೇ ಇಲ್ಲ. ತೊಡದೆ ಇಟ್ಟರೆ ಹತ್ತು ವರ್ಷ ಬಾಳುತ್ತದೆ ಎಂಬುದು ಎಲ್ಲರ ಲೆಕ್ಕ. ಆದರೆ ಶೂ ಆ ಲೆಕ್ಕ ಕೇಳುವುದಿಲ್ಲ.

ಯಲಬುರ್ಗಾ ತಾಲ್ಲೂಕಿನ ನಮ್ಮ ಸೀನಿಯರ್ ಒಬ್ಬರು ಕಳೆದ ವರ್ಷ ಹುಬ್ಬಳ್ಳಿಗೆ ಸಂದರ್ಶನಕ್ಕೆ ಹೋಗಿದ್ದರು. ಕಾಲಲ್ಲಿದ್ದದ್ದು ಅವರ ಅಣ್ಣನ ಶೂ. ಐದು ವರ್ಷದ ಹಿಂದೆ ಅಪ್ಪ ಕಡಲೆ ಮಾರಿದ ದುಡ್ಡಿನಲ್ಲಿ ಕೊಡಿಸಿದ್ದು. ಎರಡೇ ಸಲ ತೊಟ್ಟು ಟ್ರಂಕಿನಲ್ಲಿಟ್ಟಿದ್ದರಂತೆ. ಬಸ್ಸಿನಿಂದ ಇಳಿದು ನಾಲ್ಕು ಹೆಜ್ಜೆ ಇಡುವಷ್ಟರಲ್ಲಿ ಅಡಿಭಾಗ ರೊಟ್ಟಿಯ ಚೂರಿನಂತೆ ಉದುರತೊಡಗಿತು. ಜೊತೆಗಿದ್ದ ಗೆಳೆಯನ ಬಿಗಿಯಾದ ಶೂ ಹಾಕಿಕೊಂಡು ಒಳಗೆ ಹೋದರು. ಕೆಲಸ ಸಿಗಲಿಲ್ಲ. ಶೂನಿಂದಲೇ ಹಾಗಾಯಿತು ಎನ್ನಲಾರೆ. ಆದರೆ ಆ ಅರ್ಧ ಗಂಟೆ ಅವರ ಗಮನ ಪ್ರಶ್ನೆಗಿಂತ ಕಾಲಿನ ಮೇಲೇ ಇತ್ತು ಎಂದು ಅವರೇ ಹೇಳಿದರು.

ಇದರ ಹಿಂದೆ ಸರಳ ರಸಾಯನಶಾಸ್ತ್ರವಿದೆ. ಹಗುರವಾದ, ಮೆತ್ತನೆಯ ಅಡಿಭಾಗಗಳನ್ನು ಹೆಚ್ಚಾಗಿ ಪಾಲಿಯುರೆಥೇನ್‌ನಿಂದ ಮಾಡುತ್ತಾರೆ. ಗಾಳಿಯಲ್ಲಿರುವ ತೇವ ಅದರ ಉದ್ದನೆಯ ಅಣುಸರಪಳಿಗಳನ್ನು ನಿಧಾನವಾಗಿ ತುಂಡರಿಸುತ್ತದೆ. ಇದಕ್ಕೆ ಹೈಡ್ರೊಲಿಸಿಸ್ ಎನ್ನುತ್ತಾರೆ. ಶೂ ತೊಟ್ಟರೂ ತೊಡದಿದ್ದರೂ ಈ ಕ್ರಿಯೆ ನಿಲ್ಲುವುದಿಲ್ಲ. ಟ್ರಂಕು ಧೂಳನ್ನು ತಡೆಯುತ್ತದೆ, ಕಾಲವನ್ನಲ್ಲ.

ಹಾಗೆಂದು ದಿನವೂ ಒಂದೇ ಜೋಡಿ ತೊಟ್ಟರೂ ಕಷ್ಟವೇ. ಕೊಪ್ಪಳದಲ್ಲಿ ರಸ್ತೆ ಬದಿ ಕೂತು ಚಪ್ಪಲಿ ಹೊಲಿಯುವ ಕಾಕಾ ಒಬ್ಬರು ನನಗೆ ಹೇಳಿದ್ದು ಇಷ್ಟೇ: ‘ತಮ್ಮಾ, ಬೂಟ್ ಅಂದ್ರ ಎತ್ತು ಇದ್ದಂಗ. ದಿನಾ ಹೂಡಿದ್ರೂ ಸೋಲತೈತಿ, ಕಟ್ಟಿ ಹಾಕಿದ್ರೂ ಕೆಡತೈತಿ.’

ಕಾಕಾ ಮಾತಿನಲ್ಲಿ ವಿಜ್ಞಾನವೂ ಇದೆ. ಚರ್ಮ ದಿನವಿಡೀ ಕಾಲಿನ ಬೆವರು ಹೀರುತ್ತದೆ. ಅದು ಆರಲು ಒಂದು ರಾತ್ರಿ ಸಾಲದು. ಒಂದು ದಿನ ತೊಟ್ಟರೆ ಮರುದಿನ ಬಿಡುವು ಕೊಡಿ. ಎರಡನೇ ಜೋಡಿ ದುಬಾರಿಯದೇ ಆಗಬೇಕಿಲ್ಲ, ಚಪ್ಪಲಿಯಾದರೂ ಸಾಕು. ಬಿಚ್ಚಿದ ಮೇಲೆ ಒಳಗೆ ಹಳೆಯ ಪತ್ರಿಕೆ ತುರುಕಿ. ತೇವ ಹೀರುತ್ತದೆ, ಆಕಾರವೂ ಉಳಿಯುತ್ತದೆ.

ನಮ್ಮ ಜಿಲ್ಲೆಯ ಮಣ್ಣು, ಬಿಸಿಲು ಎರಡೂ ಶೂಗೆ ಸುಲಭದವಲ್ಲ. ಯಲಬುರ್ಗಾ ಕಡೆಯ ಎರೆಮಣ್ಣು ಮಳೆಯಲ್ಲಿ ಅಂಟಿನಂತೆ ಹಿಡಿಯುತ್ತದೆ, ಗಂಗಾವತಿಯ ಗದ್ದೆ ಬದುವಿನ ಕೆಸರೂ ಅಷ್ಟೇ. ಅದನ್ನು ನಲ್ಲಿ ಕೆಳಗೆ ಹಿಡಿದು ತೊಳೆಯಬೇಡಿ. ಒಣಗಲು ಬಿಟ್ಟು ಬ್ರಷ್‌ನಿಂದ ಉದುರಿಸಿ, ಉಳಿದದ್ದನ್ನು ಒದ್ದೆ ಬಟ್ಟೆಯಿಂದ ಒರೆಸಿ. ಒದ್ದೆಯಾದ ಶೂವನ್ನು ಕುಷ್ಟಗಿಯ ಮಧ್ಯಾಹ್ನದ ಬಿಸಿಲಿಗಾಗಲಿ, ಒಲೆಯ ಪಕ್ಕಕ್ಕಾಗಲಿ ಇಟ್ಟರೆ ಚರ್ಮ ಬಿರುಸಾಗಿ ಸೀಳುತ್ತದೆ. ನೆರಳು, ಗಾಳಿ, ಆಗಾಗ ಬದಲಿಸಿದ ಪತ್ರಿಕೆ ಇದ್ದರೆ ಸಾಕು.

ಇನ್ನು ಪಾಲಿಶ್. ಧೂಳಿನ ಮೇಲೆಯೇ ಪಾಲಿಶ್ ಉಜ್ಜಿದರೆ ಅದು ಮರಳು ಕಾಗದದ ಕೆಲಸ ಮಾಡುತ್ತದೆ. ಮೊದಲು ಬ್ರಷ್, ಆಮೇಲೆ ಪಾಲಿಶ್. ಡಬ್ಬಿಯ ಮೇಣದ ಪಾಲಿಶ್ ಹೊಳಪು ಕೊಟ್ಟು ನೀರನ್ನು ಸ್ವಲ್ಪ ತಡೆಯುತ್ತದೆ. ಚರ್ಮದೊಳಗೆ ಎಣ್ಣೆಯಂಶ ಉಳಿಯಬೇಕಾದರೆ ಆಗಾಗ ಶೂ ಕ್ರೀಮ್ ಹಚ್ಚಬೇಕು. ಸ್ಪಂಜಿನಿಂದ ಒರೆಸುವ ದಿಢೀರ್ ಹೊಳಪು ಕಣ್ಣಿಗೆ ಮಾತ್ರ. ತೆಂಗಿನೆಣ್ಣೆ ಮೆತ್ತಿದರೆ ಧೂಳು ಇನ್ನಷ್ಟು ಅಂಟುತ್ತದೆ.

ಇದೆಲ್ಲ ನಿಜವಾದ ಚರ್ಮಕ್ಕೆ. ರೆಕ್ಸಿನ್ ಒಮ್ಮೆ ಸಿಪ್ಪೆ ಏಳಲು ಶುರುವಾದರೆ ಯಾವ ಕ್ರೀಮೂ ಉಳಿಸದು. ಕೊಳ್ಳುವಾಗ ಒಳಗಿನ ಚೀಟಿ ನೋಡಿ. ಕೆಲವು ಕಂಪನಿಗಳು ಅಲ್ಲಿ ಚಿಹ್ನೆ ಹಾಕಿರುತ್ತವೆ. ಹರಡಿದ ತೊಗಲಿನ ಆಕಾರವಿದ್ದರೆ ಚರ್ಮ, ವಜ್ರಾಕೃತಿ ಇದ್ದರೆ ಬೇರೆ ವಸ್ತು. ನಮ್ಮ ರಾಜ್ಯ ಸರ್ಕಾರದ್ದೇ ಆದ ಲಿಡ್ಕರ್ ನಿಗಮ 1976ರಿಂದ ಚರ್ಮದ ಕುಶಲಕರ್ಮಿಗಳ ಕೆಲಸಕ್ಕೆ ಬೆಂಬಲವಾಗಿ ನಿಂತಿದೆ. ನೆರೆಯ ಬಾಗಲಕೋಟೆಯೂ ಸೇರಿ ಕರ್ನಾಟಕದ ನಾಲ್ಕು ಜಿಲ್ಲೆಗಳಲ್ಲಿ ತಯಾರಾಗುವ ಕೊಲ್ಹಾಪುರಿ ಚಪ್ಪಲಿಗೆ 2019ರಲ್ಲಿ ಭೌಗೋಳಿಕ ಸೂಚ್ಯಂಕ ಸಿಕ್ಕಿದೆ. ಅದಕ್ಕೂ ಇದೇ ನಿಯಮ: ನೀರಿನಿಂದ ದೂರ, ನೆರಳಿನಲ್ಲಿ ವಿಶ್ರಾಂತಿ.

ಕೊನೆಯದಾಗಿ, ರಿಪೇರಿಗೆ ನಾಚಿಕೆ ಬೇಡ. ಹಿಮ್ಮಡಿಯ ತಳಪದರ ಸವೆದಾಗಲೇ ಬದಲಿಸಿದರೆ ಖರ್ಚು ಕಡಿಮೆ. ಅದು ಪೂರ್ತಿ ಸವೆದು ಹಿಮ್ಮಡಿಗೇ ಪೆಟ್ಟು ಬಿದ್ದ ಮೇಲೆ ಹೋದರೆ ಖರ್ಚೂ ಹೆಚ್ಚು, ಶೂ ಉಳಿಯುವ ಭರವಸೆಯೂ ಇಲ್ಲ. ಲೇಸ್ ಬಿಚ್ಚದೆ, ಹಿಂಭಾಗ ತುಳಿದು ಕಾಲು ತೂರಿಸುವ ಚಾಳಿ ಬಿಡಿ. ಶೂ ಹಾರ್ನ್ ಇಲ್ಲದಿದ್ದರೆ ಊಟದ ಚಮಚವೇ ಸಾಕು.

ಗೆಳೆಯರೇ, ಸಂದರ್ಶನದ ದಿನವೇ ಡಬ್ಬಿ ತೆರೆಯಬೇಡಿ. ಇವತ್ತೇ ತೆಗೆದು ಅಡಿಭಾಗವನ್ನು ಬೆರಳಿನಿಂದ ಒತ್ತಿ, ಬಗ್ಗಿಸಿ ನೋಡಿ. ತೊಟ್ಟು ಕಾಲೇಜಿಗೆ ಹೋಗಿ ಬನ್ನಿ. ಕಾಲಿಗೆ ಹೊಂದಿದ ಶೂ ಸಂದರ್ಶನದ ಕೋಣೆಯಲ್ಲಿ ನೆನಪಿಗೇ ಬರುವುದಿಲ್ಲ. ಅಪ್ಪ ಅದಕ್ಕೆ ಕೊಟ್ಟ ದುಡ್ಡು ಸಾರ್ಥಕವಾಗುವುದು ಆಗಲೇ.