ಹಲವು ಯಂತ್ರ, ಒಂದೇ ರಜಿಸ್ಟರು

ಮಿರಜ ಜಂಕ್ಷನ್ನಿನಲ್ಲಿ ಪುಣೆ, ಕೊಲ್ಹಾಪುರ, ಬೆಳಗಾವಿ, ಪಂಢರಪುರಗಳ ಹಳಿಗಳು ಕೂಡುತ್ತವೆ. ಫಲಾಟಿಗೊಂದು ವೇಳಾಪಟ್ಟಿ ಇದ್ದರೆ ಪ್ರಯಾಣಿಕರ ಗತಿಯೇನು? ಗಣಕಯಂತ್ರಗಳ ಮಾತೂ ಅಷ್ಟೇ.

ಲಿನಕ್ಸ್ ಯಂತ್ರವು ಸಾಮಾನ್ಯವಾಗಿ ತನ್ನನ್ನು ಬಳಸುವವರ ಹೆಸರು, ಗುರುತಿನ ಸಂಖ್ಯೆಗಳನ್ನು ತನ್ನಲ್ಲಿಯೇ ಒಂದು ಕಡತದಲ್ಲಿ ಇಟ್ಟುಕೊಳ್ಳುತ್ತದೆ. ಇಪ್ಪತ್ತು ಯಂತ್ರಗಳಿದ್ದರೆ ಇಪ್ಪತ್ತು ಕಡೆ ಬರೆಯಬೇಕು. ಶಾಲೆ ಬಿಟ್ಟ ದಾಖಲೆ ಪಡೆದು ಹೋದ ಹುಡುಗನ ಹೆಸರನ್ನು ಹತ್ತೊಂಬತ್ತರಲ್ಲಿ ಅಳಿಸಿ ಒಂದರಲ್ಲಿ ಮರೆತೆವೆನ್ನಿ, ಆ ಬಾಗಿಲು ತೆರೆದೇ ಉಳಿಯಿತು. ಒಂದು ಯಂತ್ರದಲ್ಲಿ 1001 ಎಂದರೆ ಸವಿತಾ, ಇನ್ನೊಂದರಲ್ಲಿ ಗಣೇಶ ಎಂದಾದರೆ, ಹಂಚಿಕೊಂಡ ಕಡತಗಳಲ್ಲಿ ಅವಳ ಬರಹ ಇವನ ಪಾಲಾಗಬಹುದು.

ಇದಕ್ಕೆ ಉಪಾಯ ಡೈರೆಕ್ಟರಿ ಸೇವೆ. ನಮ್ಮ ಶಾಲೆಯ ಜನರಲ್ ರಜಿಸ್ಟರಿನಂತೆ ಎಲ್ಲರ ವಿವರವೂ ಒಂದೇ ಕಡೆ. 1993ರಲ್ಲಿ ಅಮೇರಿಕೆಯ ಮಿಶಿಗನ್ ವಿಶ್ವವಿದ್ಯಾಲಯದವರ ಶ್ರಮದಿಂದ ರೂಪುಗೊಂಡ ‘ಎಲ್‌ಡಿಎಪಿ’ ಎಂಬ ಕ್ರಮದಲ್ಲಿ ಯಂತ್ರಗಳು ಅದನ್ನು ವಿಚಾರಿಸುತ್ತವೆ. ಯಾರು ಯಾವ ಗುಂಪಿನವರು, ಯಾರಿಗೆ ಯಾವ ಅಧಿಕಾರ, ಯಾರ ಕಡತಗಳು ಎಲ್ಲಿವೆ ಎಂಬ ಏರ್ಪಾಡುಗಳನ್ನೂ ಅಲ್ಲಿಯೇ ಬರೆದಿಡಬಹುದು.

ಆದರೆ ವಿದ್ಯಾರ್ಥಿಗಳೇ, ಇರುವ ಒಂದೇ ರಜಿಸ್ಟರು ಕೈಗೆ ಸಿಗದಿದ್ದರೆ ಎಲ್ಲರೂ ಬಾಗಿಲಲ್ಲೇ ನಿಲ್ಲಬೇಕಾದೀತು. ಆದ್ದರಿಂದ ಅದರ ಪ್ರತಿ ಬೇರೊಂದು ಯಂತ್ರದಲ್ಲಿರಬೇಕು; ಪ್ರಶ್ನೆ-ಉತ್ತರಗಳು ಗೂಢಲಿಪಿಯಲ್ಲಿ ಸಾಗಬೇಕು; ಮೇಲ್ವಿಚಾರಕರದೊಂದು ಖಾತೆ ಪ್ರತಿಯೊಂದು ಯಂತ್ರದಲ್ಲಿಯೂ ಉಳಿದಿರಬೇಕು. ಇಷ್ಟಾದರೂ, ಹೋದವರ ಹೆಸರನ್ನು ಹೋದ ದಿನವೇ ಹೊಡೆದುಹಾಕುವ ಎಚ್ಚರ ನಮ್ಮದೇ.